ಮೂಲೆಮನೆಗೆ ಮುಳ್ಳು

ಮನೆ ಬಾಡಿಗೆಗೆ ಕೇಳಿಕೊಂಡು ಯಾರೇ ಬರಲಿ, ಪುಟ್ಟರಾಜು ಮೊದಲು ಎತ್ತುತ್ತಿದ್ದದ್ದು ಒಂದೇ ಮಾತು. "ಮನೇಲಿ ಆಸಿಗೆ ಇಡ್ದೋರು ಯಾರಾರ ಅವ್ರಾ ಸಾ?" ಬಂದವರು ಬೆಪ್ಪಾಗುತ್ತಿದ್ದರು. ಸಂಬಳ ಎಷ್ಟು, ಮಕ್ಕಳು ಎಷ್ಟು, ಮನೆಯಲ್ಲಿ ಮಾಂಸ ಬೇಯಿಸುತ್ತೀರಾ ಎಂದು ಕೇಳುವ ಮಾಲೀಕರನ್ನು ಅವರು ಬೇಕಾದಷ್ಟು ಕಂಡಿದ್ದರು. ಹೊಸಿಲು ದಾಟುವ ಮೊದಲೇ ಸಾವಿನ ಸುದ್ದಿ ತೆಗೆಯುವವನನ್ನು ಕಂಡಿರಲಿಲ್ಲ. ಕೆಲವರು ಅಲ್ಲೇ ನಾಲ್ಕು ಮಾತು ಬೈದು ಹೋಗುತ್ತಿದ್ದರು. ಹೋದರೆ ಹೋಗಲಿ ಎಂದು ಪುಟ್ಟರಾಜು ಸೊಂಟದ ಬೀಗದ ಕೈ ಗೊಂಚಲನ್ನು ಝಣಗುಟ್ಟಿಸುತ್ತ ಮುಂದಿನವರಿಗೆ ಕಾಯುತ್ತಿದ್ದ.

ಅವನನ್ನು ಕಟುಕ ಅನ್ನುವ ಮೊದಲು ಅವನ ಪಾಡನ್ನೂ ಒಂಚೂರು ಕೇಳಿ. ಹೊಳೆನರಸೀಪುರದ ಶ್ರೀರಂಗಮ್ಮನವರ ಯಜಮಾನರು ವಕೀಲಿಕೆಯಲ್ಲಿ ಹೆಸರು ಮಾಡಿದವರು. ಹಾಸನದ ಸಾಲಗಾಮೆ ರಸ್ತೆಯ ಒಳಗೆ ಆರು ಮನೆಗಳ ಒಂದು ಸಾಲು, ಅರಕಲಗೂಡಿನಲ್ಲಿ ಎರಡು ಮನೆ ಕಟ್ಟಿಸಿ ಕಣ್ಣು ಮುಚ್ಚಿದರು. ಅವನ್ನೆಲ್ಲ ನೋಡಿಕೊಳ್ಳುವವನು ಪುಟ್ಟರಾಜು. ಬಾಡಿಗೆಗೆ ಜನ ಹುಡುಕುವುದು, ತಿಂಗಳು ತಿಂಗಳು ವಸೂಲಿ ಮಾಡುವುದು, ಸುಣ್ಣ ಹೊಡೆಸುವುದು, ನಲ್ಲಿ ನೀರಿಗೆ ಜಗಳವಾದರೆ ನಡುವೆ ನಿಂತು ಎರಡು ಕಡೆಯಿಂದಲೂ ಬೈಸಿಕೊಳ್ಳುವುದು, ಎಲ್ಲ ಅವನದೇ ಪಾಲು. ಶ್ರೀರಂಗಮ್ಮನವರು ನಾಲ್ಕು ಜನರ ಮುಂದೆ ಅವನನ್ನು 'ನಮ್ಮ ಮ್ಯಾನೇಜರು' ಎನ್ನುತ್ತಿದ್ದರು. ಸಾಲಿನವರ ಬಾಯಲ್ಲಿ ಅವನು ಬೀಗದ ಪುಟ್ಟರಾಜು. ಒಂದು ಹಳೇ ಟಿ.ವಿ.ಎಸ್. ಹತ್ತಿಕೊಂಡು ಇವತ್ತು ಅರಕಲಗೂಡು, ನಾಳೆ ಹೊಳೆನರಸೀಪುರ, ನಾಡಿದ್ದು ಮತ್ತೆ ಹಾಸನ ಎಂದು ತಿರುಗುತ್ತಿದ್ದ ಆ ಮನುಷ್ಯನಿಗೆ ಕೂತ ಜಾಗದಲ್ಲಿ ಕೂತು ಗೊತ್ತಿರಲಿಲ್ಲ. ಕೂತರೂ ಬಲಗಾಲು ಒಂದೇ ಸಮನೆ ಅಲುಗುತ್ತಿತ್ತು.

ಇಷ್ಟೆಲ್ಲ ಬೀಗದ ಕೈ ಸೊಂಟದಲ್ಲಿದ್ದವನಿಗೆ ತನ್ನದು ಅಂತ ಒಂದು ಬಾಗಿಲಿರಲಿಲ್ಲ. ಸಾಲಿನ ಹಿಂದೆ ನೀರಿನ ತೊಟ್ಟಿಯ ಪಕ್ಕ ಪಂಪು ಇಡುವ ಒಂದು ಗೂಡು. ಅದರಲ್ಲಿ ಪಂಪು, ಸುಣ್ಣದ ಡಬ್ಬ, ಪುಟ್ಟರಾಜುವಿನ ಚಾಪೆ. ಹೆಂಡತಿ ಜಯಲಕ್ಷ್ಮಮ್ಮ, ಮಗಳು ದೀಪಶ್ರೀ ಕೊಣನೂರಿನ ಹತ್ತಿರದ ಹಳ್ಳಿಯಲ್ಲಿ ಅವನ ಅಣ್ಣನ ಮನೆಯಲ್ಲಿ ಇದ್ದರು. ಭಾನುವಾರ ಬಂತೆಂದರೆ ಅಲ್ಲಿಗೆ ಹೋಗಿ, ಅಣ್ಣನ ಬಿಗಿದ ಮುಖ ನೋಡಿ, ಸೋಮವಾರ ಬೆಳಿಗ್ಗೆ ವಾಪಸು.

ಇನ್ನು ಆ ಪ್ರಶ್ನೆಯ ಕಥೆ. ಎರಡು ವರ್ಷದ ಹಿಂದೆ ಸಾಲಿನ ಎರಡನೇ ಮನೆಯಲ್ಲಿ ಒಬ್ಬ ಮುದುಕರು ತೀರಿಕೊಂಡರು. ತೀರಿಕೊಳ್ಳಲಿ, ವಯಸ್ಸಾಗಿತ್ತು. ಆದರೆ ಹೋದ ಗಳಿಗೆ ಪಂಚಕದ ನಕ್ಷತ್ರವಾಗಿತ್ತು. ಧನಿಷ್ಠೆಯಿಂದ ರೇವತಿಯವರೆಗಿನ ಆ ಐದು ದಿನದಲ್ಲಿ ಮನೆಯೊಳಗೆ ಜೀವ ಹೋದರೆ ಮನೆ ಬಿಡಬೇಕು, ಆರು ತಿಂಗಳು ಬಾಗಿಲು ಹಾಕಿ ಅಡ್ಡಕ್ಕೆ ಮುಳ್ಳು ಇಡಬೇಕು. ಸ್ವಂತ ಮನೆಯವರು ಹೇಗೋ ನೆಂಟರ ಮನೆ ಸೇರಿಕೊಳ್ಳುತ್ತಾರೆ. ಬಾಡಿಗೆ ಮನೆಯವರು ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟರು. ಮುಳ್ಳು ಇಡುವವರು ಯಾರು? ಮ್ಯಾನೇಜರು. ಕೆರೆ ಏರಿಯಿಂದ ಜಾಲಿಮುಳ್ಳು ಕಡಿದು ತಂದು, ಅಂಗೈ ತುಂಬ ಗೀರಿಸಿಕೊಂಡು ಪುಟ್ಟರಾಜುವೇ ಆ ಬಾಗಿಲಿಗೆ ಕಟ್ಟಿದ. ಮುಳ್ಳು ಕಂಡದ್ದೇ ತಡ, ಗೋಡೆ ಅಂಟಿದ ಅಕ್ಕಪಕ್ಕದ ಮನೆಯವರೂ ಖಾಲಿ ಮಾಡಿದರು. "ಒಂದು ಸಾವಿಗೆ ಮೂರು ಮನೆ ಖಾಲಿ ಮಾಡಿಸಿಬಿಟ್ಯಲ್ಲೋ ಪುಟ್ಟರಾಜು" ಎಂದರು ಶ್ರೀರಂಗಮ್ಮನವರು, ಇವನೇ ಹೋಗಿ ಮುದುಕರ ಕತ್ತು ಹಿಸುಕಿದ ಹಾಗೆ. ಅವತ್ತಿನಿಂದ ಅವನು ಆ ಪ್ರಶ್ನೆ ಕೇಳಲು ಶುರುಮಾಡಿದ.

ಮೇಷ್ಟ್ರು ಪಂಚಾಕ್ಷರಯ್ಯನವರು ಮೂರನೇ ಮನೆ ನೋಡಲು ಬಂದಾಗಲೂ ಕೇಳಿದ. ಅವರ ಹಿಂದೆ ಅವರ ತಾಯಿ ನೀಲಗಂಗಮ್ಮ ನಿಂತಿತ್ತು, ಹಣೆಯಗಲ ವಿಭೂತಿ, ಕಂಕುಳಲ್ಲಿ ಒಂದು ಗಂಟು. ಮೇಷ್ಟ್ರು ಬಾಯಿ ತೆಗೆಯುವ ಮೊದಲೇ ಅಜ್ಜಿ ಮುಂದೆ ಬಂತು.

"ನನ್ನ ಮಖ ನೋಡ್ಕಂಡೇ ಕೇಳ್ತಿದ್ದೀಯಲ್ಲ ಮಗ. ಆಸಿಗೆ ಇಡ್ಕಂಡು ಬಿದ್ಕಳಕ್ಕೆ ನಂಗೆ ಪುರುಸೊತ್ತಿಲ್ಲ ಕಣಪ್ಪ. ಬಾಗ್ಲು ತಗಿ, ನಲ್ಲಿ ಎಲ್ಲೈತೆ ತೋರ್ಸು."

ಪುಟ್ಟರಾಜುವಿಗೆ ನಗು ಬಂತು. ನಗುತ್ತಲೇ ಬೀಗದ ಕೈ ತಿರುವಿ ಬಾಗಿಲು ತೆಗೆದ. ಅವನ ಕೆಲಸದಲ್ಲಿ ನಗಬಾರದು, ಅಷ್ಟೇ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅಜ್ಜಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಅಜ್ಜಿ ಏಳಲಿಲ್ಲ. ಅನ್ನ ಬಿಟ್ಟಿತು, ಮಾತು ಬಿಟ್ಟಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಮೇಷ್ಟ್ರ ಮಕ್ಕಳು ಅಜ್ಜಿಯ ಮಂಚದ ಪಕ್ಕ ಪಿಸುಗುಟ್ಟುತ್ತ ಓದಿಕೊಳ್ಳುತ್ತಿದ್ದವು. ಪುಟ್ಟರಾಜು ದಿನಕ್ಕೆ ಮೂರು ಸಲ ನೆಪ ಮಾಡಿಕೊಂಡು ಆ ಬಾಗಿಲ ಮುಂದೆ ಓಡಾಡಿದ. ಒಮ್ಮೆ ನಲ್ಲಿ ನೋಡಲು, ಒಮ್ಮೆ ಮೀಟರು ನೋಡಲು, ಒಮ್ಮೆ ಯಾವ ನೆಪವೂ ಇಲ್ಲದೆ. ಗೂಡಿನ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿಕೊಂಡು, ದಿನಾ ಎದ್ದವನೇ ಮುಖ ತೊಳೆಯುವ ಮೊದಲು ಇವತ್ತು ಯಾವ ನಕ್ಷತ್ರ ಎಂದು ನೋಡುತ್ತಿದ್ದ. ಅಶ್ವಿನಿಯೋ ಪುಷ್ಯವೋ ಆದರೆ, ಹೇಳಲು ನಾಚಿಕೆಯಾಗುತ್ತದೆ, ಇವತ್ತೇ ಹೋಗಿಬಿಡಲಿ ಶಿವನೇ ಎಂದುಕೊಳ್ಳುತ್ತಿದ್ದ.

ಒಂದು ಸಂಜೆ ನಾಲ್ಕನೇ ಮನೆಯ ದ್ಯಾವಯ್ಯ ಗೂಡಿಗೇ ಬಂದು ನಿಂತ. ಅವನು ಬಸ್ ಡ್ರೈವರು, ಮೇಷ್ಟ್ರ ಗೋಡೆಗೆ ಅಂಟಿದ ಗೋಡೆ ಅವನದು.

"ಲೇ ಪುಟ್ಟರಾಜು, ನಾಳಿಕ್ಕೆ ಧನಿಷ್ಠೆ ಬತ್ತದೆ ಕಣ್ಲಾ. ಅಜ್ಜಿ ಏನಾರ ಈ ಐದು ದಿನದಾಗೆ ಓಗ್ಬುಟ್ರೆ ನಾನಂತೂ ಇಲ್ಲಿ ಇರಾಕಿಲ್ಲ. ಈಗ್ಲೇ ಯೋಳಿವ್ನಿ, ಆಮೇಲೆ ಯೋಳ್ಲಿಲ್ಲ ಅನ್ಬೇಡ."

ಆ ರಾತ್ರಿ ಪುಟ್ಟರಾಜುವಿಗೆ ನಿದ್ದೆ ಎಲ್ಲಿ ಬರಬೇಕು? ಬೆಳಗಾಗುವ ಹೊತ್ತಿಗೆ ಅವನ ತಲೆಯಲ್ಲಿ ಒಂದು ಉಪಾಯ ಕೂತಿತ್ತು. ಸಾಲಿನ ಆರನೆಯದು ಮೂಲೆಮನೆ. ಬಾವಿಗೆ ಹೋಗುವ ಓಣಿ ಬಿಟ್ಟು ಆಚೆ ಕಟ್ಟಿದ್ದರಿಂದ ಅದರ ಗೋಡೆ ಯಾರ ಗೋಡೆಗೂ ತಾಗಿರಲಿಲ್ಲ. ಹೆಂಚು ಸೋರುತ್ತಿತ್ತು, ಒಳಗೆ ನಲ್ಲಿ ಇರಲಿಲ್ಲ, ಯಾರೂ ಬಾಡಿಗೆಗೆ ಒಪ್ಪುತ್ತಿರಲಿಲ್ಲ. ಅಜ್ಜಿಯ ಮಂಚವನ್ನು ಐದು ದಿನದ ಮಟ್ಟಿಗೆ ಅಲ್ಲಿಗೆ ಸಾಗಿಸಿದರೆ? ಜೀವ ಅಲ್ಲೇ ಹೋದರೂ ಮುಳ್ಳು ಆ ಹಾಳು ಬಾಗಿಲಿಗೆ ತಾನೇ? ಬೇಡದ ಮನೆ ಆರು ತಿಂಗಳು ಮುಚ್ಚಿದರೆ ಯಾರ ಗಂಟು ಹೋಯಿತು? ಇಷ್ಟು ಬುದ್ಧಿ ತನಗಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪಂಚಾಕ್ಷರಯ್ಯನವರು ಕನ್ನಡಕ ತೆಗೆದು ಒರೆಸಿದರು. "ನಮ್ಮಲ್ಲಿ ನಕ್ಷತ್ರ ನೋಡೋ ಪದ್ಧತಿ ಇಲ್ಲ ಪುಟ್ಟರಾಜು ಅವ್ರೇ. ಸಾವಿಗೆ ಸೂತಕವೇ ಇಲ್ಲ ಅನ್ನೋ ಜನ ನಾವು."

"ನಿಮಗಿಲ್ಲ ಸಾ, ಸಾಲಿನೋರಿಗೆ ಐತೆ. ಮನೆ ಓನರು ಅಮ್ಮಾವ್ರಿಗೂ ಐತೆ. ನಾಳೆ ಎಲ್ರೂ ಎದ್ದೋದ್ರೆ ನಾನು ಯಾರ್ ಕಾಲು ಕಟ್ಲಿ?"

ಮೇಷ್ಟ್ರು ಇನ್ನೊಂದು ಮಾತು ಆಡುತ್ತಿದ್ದರೇನೋ. ಅಷ್ಟರಲ್ಲಿ ಅವರ ಹೆಂಡತಿ ಅಡುಗೆಮನೆಯಿಂದ, "ಹೋಗಲಿ ಬಿಡಿ, ಅಲ್ಲಿ ಗಾಳಿ ಬೆಳಕಾದ್ರೂ ಇರುತ್ತೆ" ಎಂದರು. ಗಾಳಿ ಬೆಳಕಿನ ಮಾತು ಬಂದ ಮೇಲೆ ಎಲ್ಲರಿಗೂ ಹಗುರಾಯಿತು. ಪುಟ್ಟರಾಜು, ದ್ಯಾವಯ್ಯ, ಮೇಷ್ಟ್ರು ಸೇರಿ ಮಂಚ ಎತ್ತಿದರು. ಓಣಿ ದಾಟುವಾಗ ದ್ಯಾವಯ್ಯ, "ಐದು ದಿನ ಕಣ್ಲಾ, ಅಷ್ಟ್ರೊಳಗೆ ಒಂದು ತೀರ್ಮಾನ ಆಯ್ತದೆ ಬಿಡು" ಎಂದ. ಅಜ್ಜಿಯ ಕಣ್ಣು ಮುಚ್ಚಿತ್ತು.

ತೀರ್ಮಾನ ಆಯಿತು. ಆರನೇ ದಿನ ನೀಲಗಂಗಮ್ಮ ಕಣ್ಣು ಬಿಟ್ಟು ರಾಗಿ ಅಂಬಲಿ ಕೇಳಿತು. ಹತ್ತು ದಿನಕ್ಕೆ ಎದ್ದು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂತು. ಶಿವರಾತ್ರಿ ಹೊತ್ತಿಗೆ ಹೊಸಿಲ ಮೇಲೆ ಕೂತು ಸೊಪ್ಪು ಸೋಸುತ್ತ, ನೀರಿಗೆ ಹೋಗುವವರನ್ನೆಲ್ಲ ಮಾತಿಗೆ ಎಳೆಯುತ್ತಿತ್ತು. ಒಡೆದ ಮಡಕೆಯಲ್ಲಿ ದೊಡ್ಡಪತ್ರೆ ನೆಟ್ಟಿತು. ಸೋರುವ ಜಾಗದ ಕೆಳಗೆ ಬಕೆಟ್ಟು ಇಟ್ಟು, ಉಳಿದ ನೆಲವನ್ನು ಸಾರಿಸಿ ಗುಡಿಸಿ ಕನ್ನಡಿ ಮಾಡಿಕೊಂಡಿತು. ಸಾಲಿನವರೆಲ್ಲ ಬಿದ್ದು ಬಿದ್ದು ನಕ್ಕರು. "ಪುಟ್ಟರಾಜು ಕಾಲ್ಗುಣ ಕಣ್ರೀ, ಸಾಯೋರೂ ಎದ್ದು ಕೂತ್ಕತಾರೆ" ಎಂದು ದ್ಯಾವಯ್ಯ ಊರೆಲ್ಲ ಹೇಳಿದ. ಪುಟ್ಟರಾಜುವೂ ನಕ್ಕ, ಕ್ಯಾಲೆಂಡರ್ ನೋಡುವುದನ್ನೂ ಬಿಟ್ಟ.

ನಗು ನಿಂತ ಮೇಲೆ ಒಂದು ವಿಷಯ ಅವನ ಗಮನಕ್ಕೆ ಬಂತು. ಅಜ್ಜಿಯನ್ನು ವಾಪಸು ಕರೆದವರು ಯಾರೂ ಇಲ್ಲ. ಮೇಷ್ಟ್ರು ಎರಡು ಹೊತ್ತು ಡಬ್ಬಿಯಲ್ಲಿ ಊಟ ತಂದು ಕೊಡುತ್ತಿದ್ದರು, ಅದರಲ್ಲಿ ಲೋಪವಿಲ್ಲ. ಮೂರನೇ ಮನೆಯಲ್ಲಿ ಮಂಚ ಇದ್ದ ಜಾಗಕ್ಕೆ ಒಂದು ಹೊಸ ಕಬ್ಬಿಣದ ಬೀರು ಬಂದಿತ್ತು. ಅವನು ಮಾತು ತೆಗೆದರೆ ಮೇಷ್ಟ್ರು ಮಕ್ಕಳ ಕಾಂಪೋಸಿಷನ್ ತಿದ್ದಲು ತಲೆ ತಗ್ಗಿಸುತ್ತಿದ್ದರು. ಇರಲಿ, ಹೇಗೂ ಖಾಲಿ ಬಿದ್ದ ಮನೆ ಎಂದು ಪುಟ್ಟರಾಜುವೂ ಸುಮ್ಮನಾದ. ಶ್ರೀರಂಗಮ್ಮನವರಿಗೆ ಮಾತ್ರ ಹೇಳಲಿಲ್ಲ.

ಅಜ್ಜಿ ತಿಂಗಳಿಗೊಮ್ಮೆ ಗಂಟು ಕಟ್ಟಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗುತ್ತಿತ್ತು. ಅಲ್ಲಿ ತಂಗಿ ಶಿವಗಂಗಮ್ಮ ಇದ್ದಾಳೆ, ಒಂದು ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಬೀಗದ ಕೈಯನ್ನು ಪುಟ್ಟರಾಜುವಿನ ಕೈಗೇ ಕೊಟ್ಟು ಹೋಗುತ್ತಿತ್ತು. "ನಿನ್ ತಾವೇ ಇರ್ಲಿ ಮಗ. ಕಳೆದ್ರೆ ನಿನಗೇ ತಾನೆ ತಾಪತ್ರಯ."

ಮೇ ತಿಂಗಳಲ್ಲಿ ದೀಪಶ್ರೀ ಎಸ್.ಎಸ್.ಎಲ್.ಸಿ. ಪಾಸಾದಳು. ಅವರ ಸ್ಕೂಲಿಗೇ ಮೊದಲು. ಹಾಸನದ ಕಾಲೇಜಿನಲ್ಲಿ ಪಿ.ಯು.ಸಿ. ಸೀಟೂ ಸಿಕ್ಕಿತು. ಪುಟ್ಟರಾಜು ಸ್ವೀಟು ಕಟ್ಟಿಸಿಕೊಂಡು ಊರಿಗೆ ಹೋದರೆ ಅಣ್ಣ ಜಗಲಿಯ ಮೇಲೆ ಕೂತು ಬೇರೆಯೇ ಮಾತು ತೆಗೆದ.

"ಎಣ್ಣು ಮಗೀಗೆ ಇಷ್ಟು ಓದು ಸಾಕು ಕಣಯ್ಯ. ಕಟ್ಟೇಪುರದ ಕಡೇಲಿಂದ ಒಂದು ಗಂಡು ಬಂದದೆ. ತ್ವಾಟ ಐತೆ, ಟ್ರಾಕ್ಟ್ರು ಐತೆ. ಶ್ರಾವಣದಾಗೆ ಮಾತು ಮುಗಿಸ್ಬುಡಾನ. ದಿನಾ ಬಸ್ಸಿನಾಗೆ ಆಸನಕ್ಕೆ ಕಳ್ಸಕ್ಕೆ ನಾನು ಒಪ್ಪಾಕಿಲ್ಲ. ಅಲ್ಲೇ ಮನೆ ಮಾಡಂಗಿದ್ರೆ ಮಾಡು, ಕರ್ಕಂಡೋಗು, ಓದ್ಸು."

ದೀಪಶ್ರೀ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವನು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಹಿಂದೆಯೇ ಬಂದಳು. "ಊರೋರಿಗೆಲ್ಲ ಮನೆ ಕೊಡುಸ್ತೀಯ. ನಮ್ಗೆ ಯಾವಾಗ ಅಪ್ಪ?" ಅಷ್ಟೇ ಕೇಳಿದ್ದು, ಅಳಲೂ ಇಲ್ಲ. ಪುಟ್ಟರಾಜುವಿನ ಕೈಯಲ್ಲಿದ್ದ ಚೊಂಬು ನೀರೆಲ್ಲ ಕಾಲ ಮೇಲೆ ಹೋಯಿತು.

ಮಾರನೇ ದಿನ ಅವನು ಹೊಳೆನರಸೀಪುರದಲ್ಲಿ ಶ್ರೀರಂಗಮ್ಮನವರ ಮುಂದೆ ಕೈಕಟ್ಟಿ ನಿಂತಿದ್ದ. ಅವರು ಪೂರ್ತಿ ಕೇಳಿಸಿಕೊಂಡರು, ಒಂದು ಲೋಟ ಕಾಫಿ ಕೊಟ್ಟರು.

"ಹಾಸನದ ಪಕ್ಕ ಬೂವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತಂತೆ, ಮನೆಗಳಿಗೆಲ್ಲ ಬಾಡಿಗೆ ಜಾಸ್ತಿ ಮಾಡು ಅಂತ ನಾನು ಹೇಳ್ತಿದ್ರೆ ನೀನು ಪುಕ್ಕಟೆ ಮನೆ ಕೇಳೋಕೆ ಬಂದಿದ್ದೀಯ. ಇರಲಿ, ಮಗು ಓದಲಿ. ಆ ಮೂಲೆಮನೆ ಖಾಲಿ ತಾನೆ ಬಿದ್ದಿರೋದು? ಹೆಂಚು ಹೊದಿಸಿಕೊಂಡು ಬಂದು ಸೇರಿಕೋ. ಆದರೆ ನೋಡಪ್ಪ, ಆಷಾಢದಲ್ಲಿ ನನ್ನ ಮನೆಯಲ್ಲಿ ಹಾಲುಕ್ಕಿಸಕೂಡದು. ಜ್ಯೇಷ್ಠ ಮುಗಿಯೋದರ ಒಳಗೆ ಬಾ. ಇಲ್ಲಾಂದ್ರೆ ನಮ್ಮ ತಿರುನಾರಾಯಣ ಅದನ್ನ ಅವನ ಅಂಗಡಿ ಸಾಮಾನಿಗೆ ಗೋಡೌನು ಮಾಡ್ಕೋತೀನಿ ಅಂತಿದ್ದಾನೆ."

ತಿರುನಾರಾಯಣ ಅಂದರೆ ಅವರ ತಮ್ಮನ ಮಗ. ಪುಟ್ಟರಾಜು ಕಾಫಿ ಲೋಟವನ್ನು ಕೆಳಗಿಟ್ಟ. ಅಲ್ಲಿ ಒಬ್ಬ ಅಜ್ಜಿ ಇದೆ ತಾಯಿ ಎನ್ನಲು ಬಾಯಿ ತೆರೆದ. ನಾನೇ ಸಾಯಲಿ ಅಂತ ತಂದು ಮಲಗಿಸಿದೆ, ಅದು ಸಾಯಲಿಲ್ಲ ಎನ್ನಬೇಕಾಗುತ್ತಿತ್ತು. ಬಾಯಿ ಮುಚ್ಚಿದ. ಟಿ.ವಿ.ಎಸ್. ಹತ್ತಿ ಹಾಸನದ ದಾರಿ ಹಿಡಿದವನಿಗೆ ಎಲ್ಲಿ ತಿರುವು ಬಂತು, ಎಲ್ಲಿ ರೈಲ್ವೆ ಗೇಟು ಬಂತು ಒಂದೂ ತಿಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನುಷ್ಯ ಪಟ್ಟ ಪಾಡು ಯಾರಿಗೂ ಬೇಡ. ಮೊದಲು ರಿಪೇರಿ ಹೆಸರು ಹೇಳಿ ನೋಡಿದ. "ಅಜ್ಜಿ, ಎಂಚು ಇಳುಸ್ಬೇಕು, ನೀವು ಮೇಷ್ಟ್ರ ಮನೇಲಿರಿ."

"ಇಳ್ಸಪ್ಪ. ನಾನು ಈ ಮೂಲೇಲಿ ಕೂತ್ಕತೀನಿ, ಆಮೇಲೆ ಆ ಮೂಲೇಲಿ ಕೂತ್ಕತೀನಿ. ನಿಂಗೇನು ಅಡ್ಡ ಬರಾಕಿಲ್ಲ."

ಕೆಲಸದವರು ಹೆಂಚು ಹೊದಿಸುವಷ್ಟೂ ಹೊತ್ತು ಅಜ್ಜಿ ಅವರಿಗೆ ಎಲ್ಲೆಲ್ಲಿ ಸೋರುತ್ತದೆ ಎಂದು ಬೆರಳು ಮಾಡಿ ತೋರಿಸಿತು. ಮನೆ ಚೆನ್ನಾಯಿತು. ಪಂಚಾಕ್ಷರಯ್ಯನವರ ಹತ್ತಿರ ಹೋದರೆ, "ರಜೆ ಮುಗೀಲಿ, ನೋಡೋಣ" ಎಂದರು. ಅವರ ಹೆಂಡತಿ ಬೀರುವಿನ ಮುಂದೆಯೇ ನಿಂತಿದ್ದರು. ಊರಿಗೆ ಹೋಗಿ ಜಯಲಕ್ಷ್ಮಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ, ಅಜ್ಜಿ ಒಂದು ಮೂಲೆಯಲ್ಲಿ ಇದ್ದುಕೊಳ್ಳಲಿ ಎಂದೂ ಮೆಲ್ಲಗೆ ಸೇರಿಸಿದ.

"ನಿಂಗೆ ತಲೆ ನೆಟ್ಟಗೈತಾ?" ಎಂದಳು ಜಯಲಕ್ಷ್ಮಮ್ಮ. "ಸಾಯ್ಲಿ ಅಂತ ಮಲಗ್ಸಿದ್ ಮನೇಲಿ ನಾನು ಒಲೆ ಅಚ್ಚಾಕಿಲ್ಲ. ನಾಳೆ ಪಂಚಕದಾಗೆ ಅದು ಓಗ್ಬುಟ್ರೆ ನನ್ ಮಗಳ ಪುಸ್ತಕ ಬೀದೀಗೆ ಬತ್ತವೆ. ಅಜ್ಜಿ ಅಲ್ಲಿಂದ ಎದ್ದೋದ್ ಮೇಲೆ ಯೋಳು, ಬತ್ತೀನಿ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅವನೇ ಊರಿಗೆಲ್ಲ ಹೇಳಿಕೊಟ್ಟ ಮಾತು.

ಜ್ಯೇಷ್ಠ ಮುಗಿಯಲು ಒಂದು ವಾರ ಉಳಿದಿತ್ತು. ಅಜ್ಜಿ ಎಂದಿನಂತೆ ಬಂದು ಬೀಗದ ಕೈ ಕೊಟ್ಟು, "ತಂಗಿ ಮನೇಗೆ ಓಗ್ಬತ್ತೀನಿ ಮಗ" ಎಂದು ಹೊರಟಿತು. ಪುಟ್ಟರಾಜು ಗೂಡಿನಲ್ಲಿ ಕೂತ, ಎದ್ದ, ತೊಟ್ಟಿಯ ಸುತ್ತ ನಾಲ್ಕು ಸುತ್ತು ತಿರುಗಿದ. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿದ. ಚನ್ನರಾಯಪಟ್ಟಣಕ್ಕೆ ಹೋಗಿ ಆ ತಂಗಿಯ ಕೈಕಾಲು ಹಿಡಿದು ಅಕ್ಕನನ್ನು ಅಲ್ಲೇ ಇಟ್ಟುಕೊಳ್ಳುವಂತೆ ಕೇಳುವುದು. ರಕ್ತ ಹಂಚಿಕೊಂಡು ಹುಟ್ಟಿದವಳು ಇಲ್ಲ ಅನ್ನುತ್ತಾಳೆಯೇ? ಇಲ್ಲ ಅನ್ನಲು ದಾರಿಯೇ ಇರಬಾರದು ಎಂದು ಮೂಲೆಮನೆಯ ಬೀಗ ತೆಗೆದು ಅಜ್ಜಿಯ ಸಾಮಾನನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿದ. ಎರಡು ಸೀರೆ, ಒಂದು ಕಂಬಳಿ, ಹಿತ್ತಾಳೆ ಚೊಂಬು, ತಟ್ಟೆ, ವಿಭೂತಿ ಉಂಡೆ. ಚೀಲ ಅರ್ಧವೂ ತುಂಬಲಿಲ್ಲ. ದೊಡ್ಡಪತ್ರೆ ಕುಂಡ ಹೊರಗೇ ಉಳಿಯಿತು, ಅದು ಚೀಲಕ್ಕೆ ಹಿಡಿಯುವಂತಿರಲಿಲ್ಲ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಳಗಿನ ಚೊಂಬು ತಟ್ಟೆಗೆ ಬಡಿದು ಅವನ ಕಾಲು ಅಲುಗಿದಾಗಲೆಲ್ಲ ಟಣ್ ಟಣ್ ಎನ್ನುತ್ತಿತ್ತು. ಪಕ್ಕದವನು ಎರಡು ಸಲ ತಿರುಗಿ ನೋಡಿದ. ಪುಟ್ಟರಾಜು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದ. ನಿಮ್ಮಕ್ಕನಿಗೆ ನಿಮ್ಮ ಮೇಲೇ ಪ್ರಾಣ ಕಣವ್ವಾ, ಅಲ್ಲಿ ಒಂಟಿಯಾಗಿ ಯಾಕಿರಬೇಕು, ನಾನೇ ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತೇನೆ. ಎಲ್ಲ ಸುಳ್ಳಲ್ಲ, ಒಂದೆರಡು ನಿಜವೂ ಇದ್ದವು.

ಹಿಟ್ಟಿನ ಗಿರಣಿ ಎದುರಿನ ಮನೆ ಎಂದು ಅಜ್ಜಿ ಯಾವಾಗಲೋ ಹೇಳಿತ್ತು. ಕೇಳಿಕೊಂಡು ಹೋಗಿ ಬಾಗಿಲು ತಟ್ಟಿದ. ಸೊಂಟದಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು ಹೊರಗೆ ಬಂದಳು.

"ಶಿವಗಂಗಮ್ಮನೋರು ಅವ್ರಾ ತಾಯಿ?"

"ನಮ್ಮತ್ತೆನಾ? ಅವ್ರು ಹೋಗಿ ಎರಡು ವರ್ಷ ಆಯ್ತಲ್ಲ." ಅವಳು ಸರಿದು ನಿಂತು ಒಳಗೋಡೆ ತೋರಿಸಿದಳು. ಹೂವಿನ ಹಾರ ಹಾಕಿದ ಪಟದಲ್ಲಿ ನೀಲಗಂಗಮ್ಮನದೇ ಮೂಗು, ಅದೇ ಹಣೆ.

"ಮತ್ತೆ ಅವ್ರಕ್ಕ ಇಲ್ಲಿಗೆ ಬಂದವ್ರಲ್ಲ, ನೀಲಗಂಗಮ್ಮ?"

"ದೊಡ್ಡತ್ತೆ? ಅತ್ತೆಯ ಶಿವಗಣಾರಾಧನೆಗೆ ಬಂದಿದ್ದೇ ಕಡೆ. ಆಮೇಲೆ ಬರ್ಲೇ ಇಲ್ಲ. ಯಾಕೆ, ಏನಾಯ್ತು?"

ಏನೂ ಇಲ್ಲ ಎಂದು ಪುಟ್ಟರಾಜು ಚೀಲ ಎತ್ತಿಕೊಂಡು ಬೀದಿಗೆ ಬಂದ. ತಿಂಗಳು ತಿಂಗಳು ಈ ಮುದುಕಿ ಹೋಗಿದ್ದು ಎಲ್ಲಿಗೆ? ಎಲ್ಲಾದರೂ ಬಿದ್ದು ಗಿದ್ದು ಹೋಯಿತೇ? ಅವನಿಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳೋಣ ಎಂದು ಬಂದರೆ, ಕೇಳುವ ಅಗತ್ಯವೇ ಬೀಳಲಿಲ್ಲ. ನುಗ್ಗೇಹಳ್ಳಿ ಬಸ್ಸು ನಿಲ್ಲುವ ಕಡೆ, ತುದಿಯ ಸಿಮೆಂಟು ಬೆಂಚಿನ ಮೇಲೆ ನೀಲಗಂಗಮ್ಮ ಕೂತು, ಮಡಿಲಲ್ಲಿ ಕಡಲೆಪುರಿ ಸುರಿದುಕೊಂಡು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಅವನು ಎದುರಿಗೆ ಹೋಗಿ ನಿಂತ. ಅಜ್ಜಿ ಅವನ ಮುಖ ನೋಡಿತು. ಆಮೇಲೆ ಚೀಲ ನೋಡಿತು. ಚೀಲದ ಬಾಯಿಂದ ಹಿತ್ತಾಳೆ ಚೊಂಬಿನ ಅಂಚು ಹೊರಗೆ ಇಣುಕಿತ್ತು.

"ಎಲ್ಲಾ ತಂದ್ಬುಟ್ಯಾ?" ಎಂದಿತು ಅಜ್ಜಿ. "ದೊಡ್ಡಪತ್ರೆ ಕುಂಡ?"

ಪುಟ್ಟರಾಜು ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತ. ಅಜ್ಜಿಯೇ ಸರಿದು ಜಾಗ ಮಾಡಿಕೊಟ್ಟಿತು, ಒಂದು ಹಿಡಿ ಪುರಿಯನ್ನೂ ಅವನ ಕೈಗೆ ಹಾಕಿತು.

"ಇಲ್ಲಿ ಏನ್ ಮಾಡ್ತಿದ್ದೀರಜ್ಜಿ? ನಿಮ್ ತಂಗಿ..."

"ಓಗಿದ್ದಾಳೆ, ಗೊತ್ತಲ್ಲ ಈಗ. ರಾತ್ರಿ ಇಲ್ಲೊಂದು ಮಠದಾಗೆ ಅನ್ನ ಆಕ್ತಾರೆ, ಪಡಸಾಲೇಲಿ ಮಲಗ್ಸ್ಕತಾರೆ. ಹಗಲೊತ್ತು ಇಲ್ಲಿ ಬಸ್ಸು ನೋಡ್ಕಂಡು ಕೂತ್ಕತೀನಿ. ಒತ್ತೋಯ್ತದೆ." ಅಜ್ಜಿ ಮಡಿಲ ಪುರಿ ಕೊಡವಿಕೊಂಡಿತು. "ರೇವತಿ ಮುಗಿಯೋಗಂಟ ಅಷ್ಟೇ. ಆಮೇಲೆ ಬಂದ್ಬುಡ್ತಿದ್ದೆ."

ರೇವತಿ ಎಂಬ ಮಾತು ಕಿವಿಗೆ ಬಿದ್ದಾಗ ಅವನಿಗೆ ಎಲ್ಲ ಹೊಳೆಯಿತು. ಅವನು ಕ್ಯಾಲೆಂಡರ್ ನೋಡುವುದನ್ನು ಬಿಟ್ಟ ಮೇಲೆ ನಕ್ಷತ್ರದ ಲೆಕ್ಕ ಇಡುತ್ತಿದ್ದವರು ಯಾರು ಎಂಬುದೂ ಹೊಳೆಯಿತು.

"ನಿಮಗೆ ಯಾರು ಯೋಳಿದ್ದು?"

"ಅವತ್ತು ಮಂಚ ಎತ್ಕಂಡು ಬಂದ್ರಲ್ಲ ಮಗ, ನಂಗೆ ಕಣ್ ಮುಚ್ಚಿತ್ತು, ಕಿವಿ ಮುಚ್ಚಿರ್ಲಿಲ್ಲ. ಈಗ ತಿಂಗ್ಳಾ ತಿಂಗ್ಳಾ ದ್ಯಾವಯ್ಯನ್ನ ಕೇಳ್ತೀನಿ, ಧನಿಷ್ಠೆ ಯಾವತ್ತಪ್ಪಾ ಅಂತ. ಯೋಳ್ತಾನೆ, ಪಾಪ."

"ನಿಮ್ ಮಗನೇ ಯೋಳವ್ರೆ ನನ್ ಮುಂದೆ. ನಿಮ್ಮಲ್ಲಿ ನಕ್ಷತ್ರ ಗಿಕ್ಷತ್ರ ಇಲ್ಲ ಅಂತ."

"ಊಂ, ನಮಗಿಲ್ಲ," ಎಂದಿತು ನೀಲಗಂಗಮ್ಮ. "ನಿಮಗೈತಲ್ಲ."

ಒಂದು ಬಸ್ಸು ಬಂದು ನಿಂತಿತು, ಜನ ಇಳಿದರು, ಬಸ್ಸು ಹೋಯಿತು. ಪುಟ್ಟರಾಜು ಕೈಯಲ್ಲಿನ ಪುರಿಯನ್ನು ನೋಡುತ್ತ ಕೂತಿದ್ದ.

"ನೀನು ಕೂಡ್ಸಿದ್ ಮನೆ ಅದು," ಅಜ್ಜಿ ಸಮಾಧಾನ ಹೇಳುವವರಂತೆ ಮಾತು ಮುಂದುವರಿಸಿತು. "ನನ್ನಿಂದ ಕೆಡ್ಬಾರ್ದು. ನಿನ್ ಮಗಳು ಬಂದು ಓದ್ಬೇಕಂತೆ, ಸಾಲಿನಾಗೆ ಎಲ್ಲಾ ಮಾತಾಡ್ಕತಾರೆ. ನಾನೇ ಎದ್ದೋಗಾನ ಅಂದ್ರೆ ಎಲ್ಲಿಗೆ ಓಗ್ಲಿ? ಮಗನ ಮನೇಲಿ ನನ್ ಜಾಗದಾಗೆ ಬೀರು ಇಟ್ಟವ್ರೆ. ಅದ್ಕೇ ಅಂದ್ಕಂಡೆ, ಈ ಐದು ದಿನ ಯಾರ್ ಮನೇಲೂ ಇರಾದ್ ಬ್ಯಾಡ. ಬಸ್ ಸ್ಟ್ಯಾಂಡು ಯಾರ ಮನೇನೂ ಅಲ್ಲ. ಇಲ್ಲಿ ಜೀವ ಓದ್ರೆ ಮುಳ್ಳು ಇಡಕ್ಕೆ ಬಾಗ್ಲೇ ಇಲ್ವಲ್ಲ."

ಹೇಳಿ ನಕ್ಕಿತು. ಪುಟ್ಟರಾಜು ನಗಲಿಲ್ಲ. ಅವನಿಗೆ ಅಳು ಬಂತು, ನಡುಹಗಲಲ್ಲಿ, ಕಡಲೆಕಾಯಿ ಮಾರುವವರು, ಕಂಡಕ್ಟರು ಎಲ್ಲರೂ ನೋಡುವಂತೆ. ಅವನ ಅವ್ವ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಅಜ್ಜಿ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿತು. ಆಮೇಲೆ ಅವನು ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಎದ್ದ. ಹಾಸನದ ಬಸ್ಸು ಆಗಲೇ ಬಂದು ನಿಂತಿತ್ತು.

"ನಡಿ ಅಜ್ಜಿ."

"ಎಲ್ಲಿಗೆ?"

"ಮನೇಗೆ."

"ನಿನ್ ಎಂಡ್ತಿ ಒಪ್ತಾಳಾ?"

"ಒಪ್ಪಾಕಿಲ್ಲ."

"ಮತ್ತೆ?"

"ಬೈತಾಳೆ. ಅಮ್ಮಾವ್ರೂ ಬೈತಾರೆ, ಅವ್ರಿಗೂ ಇವತ್ತೇ ಯೋಳ್ತೀನಿ. ನಾವಿಬ್ರೂ ಸೇರಿ ಬೈಸ್ಕಳಾನ. ಶುಕ್ರವಾರ ಆಲುಕ್ಕಿಸ್ಬೇಕು, ನೀನಿಲ್ದೆ ಒಲೆ ಯಾರು ಸಾರಿಸ್ತಾರೆ?"

ಅಜ್ಜಿ ಏಳಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡೇ ಕೂತಿತ್ತು. "ಇನ್ನೂ ಎರಡು ದಿನ ಐತಲ್ಲಪ್ಪ ನಕ್ಷತ್ರ. ಈಗ್ಲೇ ಬಂದು, ನಾಳಿಕ್ಕೆ ಏನಾರ ಆಗ್ಬುಟ್ರೆ? ಮಗೀಗೆ ಕಾಲೇಜು..."

ಕಂಡಕ್ಟರು ಶಿಳ್ಳೆ ಊದಿದ. ಪುಟ್ಟರಾಜು ಗೋಣಿಚೀಲವನ್ನು ಮೊದಲು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟು, ತಿರುಗಿ ಬಂದು ಅಜ್ಜಿಯ ರಟ್ಟೆಗೆ ಕೈ ಹಾಕಿದ.

"ಆದ್ರೆ ಮುಳ್ಳು ನಾನೇ ತತ್ತೀನಿ," ಎಂದ. "ಬಸ್ಸು ಅತ್ತು."